ಬಿಳಿ ದಾರ ಹಳದಿಯಾದಾಗ

ಎಡಬೆನ್ನಿನಿಂದ ಹೊರಟು, ಕಂಕುಳಡಿ ಹಾದು, ಎದೆಯ ಬುಡಕ್ಕೆ ಬಂದು ನಿಂತಿದ್ದ ಆ ಗಾಯದ ಗೆರೆಯನ್ನು ಅವರು ನನಗೆ ತೋರಿಸಿದ್ದು ಒಂದೇ ಸಲ. ಇನ್ನೂ ಕೆಂಪಗಿತ್ತು. ಗೆರೆಯ ಎರಡೂ ಬದಿಗೆ ಹೊಲಿಗೆಯ ಚುಕ್ಕಿಗಳು. ನಾನು ಮುಖ ತಿರುಗಿಸಿದೆ. ಅವರು ನಕ್ಕರು.

“ನೋಡ್ರೀ ಟೀಚರಮ್ಮ, ಎಷ್ಟು ದೂರದೂರ ಟಾಕಾ ಹಾಕ್ಯಾರೆ! ನನ್ನ ಹತ್ರ ಕಲಿಯೋ ಹುಡುಗಿ ಹಿಂಗ್ ಹೊಲ್ದಿದ್ರೆ ಪೂರ್ತಿ ಬಿಚ್ಚಿಸ್ತಿದ್ದೆ.”

ಶಿಕಾರಿಪುರಕ್ಕೆಲ್ಲ ಅವರು ದರ್ಜಿಯಮ್ಮ. ಮೂವತ್ತು ದಾಟಿರಲಿಲ್ಲ, ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಅಂಗಡಿ ಬೀದಿಯ ಹಿಂದಿನ ಓಣಿಯಲ್ಲಿ ತಾಯಿಯೊಂದಿಗಿದ್ದು, ಪಡಸಾಲೆಯಲ್ಲಿ ಮೆಷಿನ್ ಇಟ್ಟುಕೊಂಡು ಹೆಂಗಸರ ಕುಪ್ಪಸ, ಮಕ್ಕಳ ಅಂಗಿ, ಮದುವೆ ಬಂದರೆ ಮದುಮಗನ ಜುಬ್ಬಾ ಹೊಲಿಯುತ್ತಿದ್ದರು. ನಾನು ಹೊಸಬಾಳೆಯವಳು. ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ ಇಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಬಂದು, ಅವರ ಮನೆಗೆ ಅಂಟಿದ ಕೋಣೆಯಲ್ಲಿ ಬಾಡಿಗೆಗಿದ್ದೆ. ಗೋಡೆಯಾಚೆ ಮೆಷಿನ್ನಿನ ಸದ್ದು ಆಗಾಗ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವರು ಉಸಿರಿಗಾಗಿ ಒದ್ದಾಡುತ್ತಿದ್ದಾರೆಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಹೃದಯದ ಕವಾಟವನ್ನು ಕಟ್ಟಿಹಾಕಿತ್ತಂತೆ. ಮದರಾಸಿನ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ಬಿಡಿಸುತ್ತಾರೆಂದು ಯಾರೋ ಹೇಳಿದ್ದೇ ತಡ, ಅವರು ತಾಯಿಯನ್ನು ಹೊರಡಿಸಿಕೊಂಡು ರೈಲು ಹತ್ತಿಬಿಟ್ಟರು. ಎದೆ ಸೀಳಿಸಿಕೊಂಡು ಬದುಕಿ ಬಂದವರನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಎರಡು ತಿಂಗಳ ಮೇಲೆ ಅವರು ಬಸ್ಸಿನಿಂದ ಇಳಿದಾಗ ಓಣಿಯ ಜನ ಕೆಲಸ ಬಿಟ್ಟು ಬಂದು ನೋಡಿದರು.

ಗಾಯ ಮಾಯಿತು. ಕಷ್ಟ ಶುರುವಾದದ್ದು ಮಾತ್ರೆಯಿಂದ. ದಿನಕ್ಕೊಂದು ಪುಟ್ಟ ಬಿಳಿ ಮಾತ್ರೆ, ಹೃದಯದ ಬಡಿತ ಹಿಡಿತದಲ್ಲಿರಲಿ ಎಂದು. ಮೂರನೆಯ ವಾರಕ್ಕೆ ಊಟ ಸೇರದಾಯಿತು. ತಾಯಿ ಉಪ್ಪಿಲ್ಲದ ಗಂಜಿ ಕಾಸಿ ತಂದರೆ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಮೈ ಇಳಿಯಿತು. ಸರ್ಕಾರಿ ದವಾಖಾನೆಯ ಡಾಕ್ಟರು, “ಪಿತ್ತ ಆಗಿರಬೇಕು, ನಿಂಬೆ ಶರಬತ್ತು ಕುಡೀರಿ,” ಎಂದು ಕಳಿಸಿದರು.

ಆಗಲೇ ತಾಳಗುಂದದ ಮನೆಯೊಂದರಿಂದ ಮದುಮಗನ ಬಿಳಿ ಜುಬ್ಬಾ ಹೊಲಿಯಲು ಬಂತು. ಹೊಲಿದು ಕೊಟ್ಟರು. ಮದುಮಗನ ತಾಯಿ ಅದನ್ನು ಬೆಳಕಿಗೆ ಹಿಡಿದು, “ಇದೇನು ತಾಯಿ, ಬಿಳಿ ಬಟ್ಟೆಗೆ ಹಳದಿ ದಾರ ಹಾಕೀರಿ? ಕಣ್ಣಿಗೇನಾತು?” ಎಂದರು. ದರ್ಜಿಯಮ್ಮ ಜುಬ್ಬಾವನ್ನು ನನ್ನ ಮುಂದೆ ಹಿಡಿದರು. ಹೊಲಿಗೆಯೆಲ್ಲ ಅಪ್ಪಟ ಹಳದಿ. ಅವರಿಗೆ ದಾರವೂ ಬಟ್ಟೆಯೂ ಒಂದೇ ಬಣ್ಣವಾಗಿ ಕಾಣುತ್ತಿತ್ತು. ಕೆಲವು ದಿನಗಳಿಂದ ಸುಣ್ಣ ಬಳಿದ ಗೋಡೆ, ಹಾಲು, ನನ್ನ ಮುಖ, ಎಲ್ಲವೂ ಅರಿಶಿನ ಕಲೆಸಿದ ಹಾಗೆ ಕಾಣುತ್ತಿದೆಯೆಂದು ಅವತ್ತು ಬಾಯಿಬಿಟ್ಟರು.

“ನಾಳೆ ಮಧ್ಯಾಹ್ನ ಬರ್ರಿ,” ಎಂದು ಆ ಹೆಂಗಸನ್ನು ಕಳಿಸಿ, ಕೂತು ಒಂದೊಂದೇ ಹೊಲಿಗೆ ಬಿಚ್ಚಿದರು. ನನ್ನಿಂದ ಬಿಳಿ ದಾರ ಆರಿಸಿಕೊಂಡು ಮತ್ತೆ ಹೊಲಿದರು. ಅಷ್ಟಕ್ಕೇ ಬಿಡಲಿಲ್ಲ. ದಾರದ ಉಂಡೆಗಳನ್ನೆಲ್ಲ ನನ್ನ ಮುಂದೆ ಸುರಿದು, ಬಣ್ಣ ಹೇಳಿಸಿಕೊಂಡು, ಪ್ರತಿಯೊಂದರ ತುದಿಗೂ ಗಂಟು ಹಾಕಿದರು. ಬಿಳಿಗೆ ಒಂದು, ಹಳದಿಗೆ ಎರಡು, ಹಸಿರಿಗೆ ಮೂರು. “ಕಣ್ಣು ಸುಳ್ಳು ಹೇಳಿದ್ರೆ ಬೆರಳನ್ನ ಕೇಳ್ತೀನಿ,” ಎಂದರು.

ಆದರೆ ನಮಗೆ ಹೇಳದೆ ಇನ್ನೊಂದು ಕೆಲಸವನ್ನೂ ಮಾಡಿದರು. ಮಾತ್ರೆ ನಿಲ್ಲಿಸಿದರು.

ಮೊದಲ ದಿನಗಳು ಹಬ್ಬದ ಹಾಗಿದ್ದವು. ರೊಟ್ಟಿ ತಿಂದರು. ಗೋಡೆ ಬೆಳ್ಳಗಾಯಿತು. ತಾಯಿ ಕಣ್ಣೊರೆಸಿಕೊಂಡು ದೇವರಿಗೆ ಕೃತಜ್ಞತೆಯ ಶುಕ್ರಾನಾ ಹೇಳಿದರು. ಒಂಬತ್ತನೆಯ ದಿನ ನಾನು ಶಾಲೆಯಿಂದ ಬಂದಾಗ ಅವರು ಗೋಡೆಗೊರಗಿ ಕೂತಿದ್ದರು, ಮಾತಿಗೊಂದು ಉಸಿರು. ಪಾದ ಬಾತಿತ್ತು. ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು.

“ಮಾತ್ರೆ ತಗೊಂಡ್ರಾ?”

ಮೆಷಿನ್ನಿನ ಕೆಳಗಿದ್ದ ಗುಂಡಿಯ ಡಬ್ಬಿಯನ್ನು ಕಣ್ಣಲ್ಲೇ ತೋರಿಸಿದರು. ತೆರೆದರೆ ಗುಂಡಿಗಳ ನಡುವೆ ಒಂಬತ್ತು ಮಾತ್ರೆ.

ನನಗೆ ಸಿಟ್ಟು ಬಂತು. “ಎಂತಕ್ಕೆ ಹೀಗೆ ಮಾಡಿದ್ರಿ? ಅಷ್ಟು ದೂರ ಹೋಗಿ ಎದೆ ಕುಯ್ಸಿಕೊಂಡು ಬಂದದ್ದು ಇದಕ್ಕಾ?”

“ತಿಂದ್ರೆ ಕಣ್ಣು ಹೋಗ್ತೈತೆ, ಬಿಟ್ರೆ ಉಸಿರು ಹೋಗ್ತೈತೆ,” ಎಂದರು, ನಿಂತು ನಿಂತು. “ಕಣ್ಣಿಲ್ದೆ ನಾನು ಏನ್ ಹೊಲೀಲಿ? ನೀವೇ ಹೇಳ್ರೀ.”

ನಾನು ಚಪ್ಪಲಿ ಮೆಟ್ಟಿ ದವಾಖಾನೆಗೆ ಓಡಿದೆ. ಡಾಕ್ಟರನ್ನು ಮನೆಗೇ ಕರೆತಂದೆ. ಅವರು ಇಂಜೆಕ್ಷನ್ ಕೊಟ್ಟು, ಮಾತ್ರೆ ಮತ್ತೆ ಶುರುಮಾಡಿಸಿದರು. ನಾಲ್ಕೈದು ದಿನಕ್ಕೆ ಬಾವು ಇಳಿಯಿತು. ಎರಡು ವಾರಕ್ಕೆ ಹಳದಿ ಮರಳಿ ಬಂತು.

ಈ ಸಲ ಅವರು ಮುಚ್ಚಿಡಲಿಲ್ಲ. “ಸಹಿಸ್ಕೊಳ್ಳೋದು ಬೇರೆ, ಸುಮ್ನಿರೋದು ಬೇರೆ ಟೀಚರಮ್ಮ,” ಎಂದು ನನ್ನ ಹತ್ತಿರ ಒಂದು ನೋಟ್‌ಬುಕ್ ತರಿಸಿದರು. ದಿನಾ ಬೆಳಿಗ್ಗೆ ಮಾತ್ರೆಗೆ ಮುಂಚೆ ನಾನು ಕೈಗಡಿಯಾರ ನೋಡುತ್ತ ಒಂದು ನಿಮಿಷ ಅವರ ನಾಡಿ ಎಣಿಸಬೇಕು. ಎಷ್ಟು ಬಡಿತ, ಏನು ತಿಂದರು, ಎಷ್ಟು ಸಲ ವಾಂತಿಯಾಯಿತು, ಗೋಡೆ ಯಾವ ಬಣ್ಣ, ಎಲ್ಲ ಬರೆಯಬೇಕು. ಎಪ್ಪತ್ತಿದ್ದ ನಾಡಿ ಅರವತ್ತಕ್ಕೆ, ಐವತ್ತೆರಡಕ್ಕೆ, ಒಂದು ದಿನ ನಲವತ್ತೆಂಟಕ್ಕೆ ಇಳಿಯಿತು. ಅವತ್ತು ಅವರು ಮಾತ್ರೆಯನ್ನು ಕಾಗದದಲ್ಲಿ ಕಟ್ಟಿಕೊಂಡು, ನನ್ನ ಭುಜ ಹಿಡಿದು, ಓಣಿಯಲ್ಲಿ ಮೂರು ಕಡೆ ಕೂತು, ದವಾಖಾನೆಗೆ ನಡೆದೇ ಬಂದರು.

“ಸಾಹೇಬ್ರೇ, ಇದು ಪಿತ್ತ ಅಲ್ಲ. ಪಿತ್ತಕ್ಕೆ ನಾಡಿ ಇಳೀತೈತಾ? ಓದ್ರಿ ಇದನ್ನ.”

ಡಾಕ್ಟರು ನೋಟ್‌ಬುಕ್ಕಿನ ಪುಟಗಳನ್ನು ಒಂದೊಂದಾಗಿ ಓದಿದರು. ಕೊನೆಗೆ ಕನ್ನಡಕ ತೆಗೆದು, “ತಾಯಿ, ಹೃದಯದ ಆಪರೇಷನ್ ಆದವರನ್ನ ನಾನು ನೋಡ್ತಿರೋದು ನಿಮ್ಮೊಬ್ಬರನ್ನೇ. ಇದು ಮಾತ್ರೆ ಮೈಗೆ ಹೆಚ್ಚಾದ ಲಕ್ಷಣ. ನಾನು ಮೊದಲೇ ತಿಳೀಬೇಕಿತ್ತು,” ಎಂದರು. ಅವತ್ತೇ ಮಾತ್ರೆ ತಡೆದು, ಆ ಪುಟಗಳನ್ನೆಲ್ಲ ನನ್ನಿಂದ ಇಂಗ್ಲಿಷಿಗೆ ಬರೆಸಿ, ತಮ್ಮದೊಂದು ಕಾಗದ ಸೇರಿಸಿ ದೊಡ್ಡಾಸ್ಪತ್ರೆಗೆ ಕಳಿಸಿದರು. ದಿನಾ ತಾವೇ ಓಣಿಗೆ ಬಂದು ನೋಡಿಕೊಂಡು ಹೋದರು. ಹನ್ನೊಂದನೆಯ ದಿನ ಉತ್ತರ ಬಂತು: ಇನ್ನು ಮುಂದೆ ಅರ್ಧ ಮಾತ್ರೆ. ನಾಡಿ ಅರವತ್ತಕ್ಕಿಂತ ಕೆಳಗಿದ್ದ ದಿನ ಅದೂ ಬೇಡ, ಡಾಕ್ಟರಿಗೆ ತೋರಿಸಬೇಕು.

ಮಾತ್ರೆ ಕತ್ತರಿಸಲು ಅವರು ನನಗೆ ಬಿಡಲಿಲ್ಲ. ಹೊಸ ಬ್ಲೇಡಿನಿಂದ ತಾವೇ ನಡುಗೆರೆ ಹಿಡಿದು ಕುಯ್ದರು. ಒಂದು ಚೂರು ದೊಡ್ಡದು, ಇನ್ನೊಂದು ಚಿಕ್ಕದು ಎಂದು ಒಂದು ದಿನವೂ ಆಗಲಿಲ್ಲ. ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಗಂಜಿಗೆ ಒಗ್ಗಿದ್ದರು, ಬಣ್ಣಗಳು ತಮ್ಮ ತಮ್ಮ ಜಾಗಕ್ಕೆ ಮರಳಿದ್ದವು. ವಾಕರಿಕೆ ಪೂರ್ತಿ ಹೋಗಲಿಲ್ಲ. ಬಾಯಲ್ಲೊಂದು ಲವಂಗ ಇಟ್ಟುಕೊಂಡು ಹೊಲಿಯುತ್ತಿದ್ದರು. ಮರುವರ್ಷ ವಾರಕ್ಕೊಮ್ಮೆ ಬಸ್ಸು ಹತ್ತಿ ಸೊರಬಕ್ಕೆ ಹೋಗಿ ಹೆಂಗಸರಿಗೆ ಹೊಲಿಗೆ ಕಲಿಸಲು ಶುರುಮಾಡಿದರು. ಕುಪ್ಪಗಡ್ಡೆಯಿಂದಲೂ ಹೆಂಗಸರು ಕಲಿಯಲು ನಡೆದು ಬರುತ್ತಿದ್ದರು. ಅವರ ಹತ್ತಿರ ಕಲಿತವರಲ್ಲಿ ಯಾರಾದರೂ ಕೈಲಾಗದು ಎಂದರೆ, “ಆಗಲ್ಲ ಅಂತ ಹೇಳ್ರಿ, ತಪ್ಪಿಲ್ಲ. ಎಲ್ಲಿ ಆಗಲ್ಲ ಅಂತ ತೋರ್ಸ್ರಿ,” ಎನ್ನುತ್ತಿದ್ದರಂತೆ.

ಎಂಟು ವರ್ಷ ಹಾಗೇ ನಡೆಯಿತು. ಆಮೇಲೆ ಕವಾಟ ಮತ್ತೆ ಬಿಗಿಯುತ್ತ ಬಂತು. ಆಗ ನನಗೆ ಸೊರಬಕ್ಕೆ ವರ್ಗವಾಗಿತ್ತು. ಒಂದು ಶನಿವಾರ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಶಾಲೆಯ ಬಾಗಿಲಿಗೇ ಬಂದು ಸುದ್ದಿ ಹೇಳಿದ. ರಜೆಯ ಅರ್ಜಿ ಬರೆಯಲು ಕೂತೆ. ಕಾರಣ ಎಂಬಲ್ಲಿ “ನೆರೆಮನೆಯವರ ಮರಣ” ಎಂದು ಬರೆದೆ. ಅದನ್ನು ಹೊಡೆದು, “ಅಕ್ಕನ ಮರಣ” ಎಂದು ಬರೆದೆ. ನಾಲ್ವರು ಅಣ್ಣಂದಿರ ಬೆನ್ನಿಗೆ ಹುಟ್ಟಿದ ಒಬ್ಬಳೇ ಹೆಣ್ಣು ನಾನೆಂಬುದು ಹೆಡ್ಮಾಸ್ಟರಿಗೆ ಗೊತ್ತಿತ್ತು. ಅವರು ಒಮ್ಮೆ ನನ್ನ ಮುಖ ನೋಡಿ, ಏನೂ ಕೇಳದೆ ಸಹಿ ಹಾಕಿದರು.