ಕನ್ನಡ ಕಾರ್ಡಿನವರ ಊಟ

ನಮ್ಮ ಮನೆಯಲ್ಲಿ ಸಮಾರಂಭ ಇದ್ದ ದಿನವೆಲ್ಲ ಪಕ್ಕದ ಮನೆಯ ಅಕ್ಕನಿಗೆ ಸೋಮವಾರ. ಮಗಳಿಗೆ ಓದು ಶುರುಮಾಡಿಸುವ ಬಿಸ್ಮಿಲ್ಲಾ ಶಾಸ್ತ್ರವನ್ನು ಒಂದು ಗುರುವಾರ ಇಟ್ಟುಕೊಂಡಿದ್ದೆವು. ಅಕ್ಕ ರೇಷ್ಮೆ ಸೀರೆ ಉಟ್ಟು ಬಂದರು, ಮಗುವಿನ ಗಲ್ಲ ಹಿಂಡಿದರು, ತಟ್ಟೆಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡು, "ಊಟ ಬೇಡ ಕಣೇ, ಸೋಮವಾರ ನಂದು ಒಪ್ಪತ್ತು" ಅಂದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರೂ ನೋಡಿದರು. ಇಬ್ಬರೂ ಬಾಯಿ ಬಿಡಲಿಲ್ಲ. ಒಂದೇ ಗೋಡೆಯ ಎರಡು ಕಡೆ ಬಾಳುವವರು ಇಷ್ಟಾದರೂ ಕಲಿಯಬೇಕು.

ಭದ್ರಾವತಿಯ ಜನ್ನಾಪುರದಲ್ಲಿ ನಾನು ಮದುವೆಯಾಗಿ ಬಂದಾಗಿನಿಂದ ಆ ಗೋಡೆಯ ಆಚೆ ಅವರು, ಈಚೆ ನಾವು. ಅಕ್ಕ ಲಿಂಗಾಯತರು, ಹಣೆಗೆ ವಿಭೂತಿ ಇಲ್ಲದೆ ನೀರೂ ಕುಡಿಯದವರು. ನಾನು ಐದು ಹೊತ್ತು ನಮಾಜು ಮಾಡುವವಳು. "ನೀವು ದಿನಕ್ಕೆ ಎರಡೇ ಸಲ ಪೂಜೆ ಮಾಡೋದು, ನಾನು ಐದು ಸಲ. ಲೆಕ್ಕದಲ್ಲಿ ನಾನೇ ಮುಂದೆ" ಎಂದು ಒಮ್ಮೆ ಜಂಬ ಕೊಚ್ಚಿದ್ದೆ. "ನಮ್ಮ ಶಿವ ಎರಡೇ ಸಲಕ್ಕೆ ಓಗೊಡ್ತಾನೆ ಮಾರಾಯ್ತಿ, ನಿಮ್ಮೋನಿಗೆ ಐದು ಸಲ ಕೂಗ್ಬೇಕು ಅಂತಾಯ್ತು" ಅಂದರು. ತೌಬಾ ತೌಬಾ ಎಂದು ಕೆನ್ನೆ ಬಡಿದುಕೊಂಡು ಒಳಗೆ ಹೋಗಿ ಹೊಟ್ಟೆ ಹಿಡಿದು ನಕ್ಕೆ.

ಯುಗಾದಿಗೆ ಅವರ ಮನೆಯ ಹೋಳಿಗೆ ನಮ್ಮ ಮನೆಗೆ ಬಿಸಿಬಿಸಿಯಾಗಿ ಬರುತ್ತದೆ. ರಂಜಾನ್ ಹಬ್ಬಕ್ಕೆ ನಾವು ಕಳಿಸುವುದು ಮಾತ್ರ ಹಸಿ ಸಾಮಾನು: ಶಾವಿಗೆ, ಸಕ್ಕರೆ, ದ್ರಾಕ್ಷಿ, ಗೋಡಂಬಿ, ಬಿಚ್ಚದ ಹಾಲಿನ ಪ್ಯಾಕೆಟ್ಟು. ನಮ್ಮಲ್ಲಿ ಮಾಂಸ ಬೇಯುವ ಪಾತ್ರೆಯ ಅಡುಗೆ ಅವರಿಗೆ ಆಗದು. ಅವರೇ ಪಾಯಸ ಮಾಡಿಕೊಂಡು, ಒಂದು ಬಟ್ಟಲು ನಮಗೂ ಕಳಿಸಿ, "ನಿಮ್ಮ ಹಬ್ಬದ ಪಾಯಸ, ಹೆಂಗಿದೆ ಹೇಳು" ಎಂದು ಗೋಡೆಯಾಚೆಯಿಂದ ಕೂಗುತ್ತಾರೆ. ನಮ್ಮ ಹಬ್ಬಕ್ಕೆ ನಾವೇ ನೆಂಟರು!

ಅವರ ಮನೆ, ನಮ್ಮ ಮನೆ ಎಂದು ತೂಗಿ ನೋಡುವುದು ನಮ್ಮಿಬ್ಬರಿಗೆ ಮಧ್ಯಾಹ್ನದ ಕೆಲಸ. ಅವರ ಯಜಮಾನರು ಕಾರ್ಖಾನೆಯಲ್ಲಿ ಪರ್ಮನೆಂಟು, ನಮ್ಮವರು ಬೈಕ್ ಮೆಕ್ಯಾನಿಕ್ಕು. ಅವರಿಗೆ ತಿಂಗಳ ಕೊನೆಗೆ ಸಂಬಳ, ನಮಗೆ ಸಂಜೆಗೆ ಎಷ್ಟು ಬಂತೋ ಅಷ್ಟು. ಅವರ ಮಕ್ಕಳಿಗೆ ಜ್ವರ ಬಂದರೆ ಕಾರ್ಖಾನೆಯ ಆಸ್ಪತ್ರೆ, ನಮ್ಮವಕ್ಕೆ ಬಂದರೆ ಮೊದಲು ದುವಾ, ಇಳಿಯದಿದ್ದರೆ ಮೆಡಿಕಲ್ ಶಾಪು. ಗ್ಯಾರೇಜಿಗೆ ಸಾಲ ಬೇಕೆಂದಾಗ ಬ್ಯಾಂಕಿನವರು ಸಂಬಳದಾರರ ಜಾಮೀನು ಕೇಳಿದರು. ನಮ್ಮ ಕಡೆ ಅಂಥವರು ಒಬ್ಬರೂ ಇರಲಿಲ್ಲ, ಅಕ್ಕನ ಯಜಮಾನರೇ ರುಜು ಹಾಕಿದರು. ಆಮೇಲೆ ಕಾರ್ಖಾನೆಯ ದೆಸೆ ಕೆಟ್ಟಿತು. ಅವರ ಮಗ ಐಟಿಐ ಮುಗಿಸಿ ಗೇಟಿನ ಹೊರಗೇ ಉಳಿದ, ಈಗ ಮೊಬೈಲ್ ಅಂಗಡಿಯಲ್ಲಿ ಗ್ಲಾಸು ಅಂಟಿಸುತ್ತಾನೆ. ಬೈಕುಗಳು ಮಾತ್ರ ಯಾವ ಸರ್ಕಾರ ಬಂದರೂ ಕೆಡುತ್ತವೆ, ಹಾಗಾಗಿ ನಮ್ಮ ಒಲೆ ಉರಿಯಿತು. ಅವರಲ್ಲಿ ಹೆಣ್ಣುಮಕ್ಕಳು ಓದುವುದು ಅಕ್ಕನ ಕಾಲದಿಂದಲೂ ಇತ್ತು. ನಮ್ಮ ಎರಡೂ ಕಡೆಯ ಬಳಗದಲ್ಲಿ ಬಿ.ಕಾಂ. ಮುಗಿಸಿದ ಮೊದಲ ಹುಡುಗಿ ನನ್ನ ಮಗಳು, ಅದೂ ಅಕ್ಕನ ಅಡುಗೆಮನೆ ಕಟ್ಟೆಯ ಮೇಲೆ ಕೂತು ಮಗ್ಗಿ ಕಲಿತು.

ನನ್ನ ನೆಂಟರು, "ಸರ್ಕಾರಿ ಕೆಲಸವೆಲ್ಲ ಅವರದೇ" ಅನ್ನುತ್ತಾರೆ. ಅಕ್ಕನ ನೆಂಟರು, "ಅವರಿಗೇನು, ದುಬೈ ದುಡ್ಡು" ಅನ್ನುತ್ತಾರೆ. ನಾವಿಬ್ಬರೂ ಒಂದು ದಿನ ನಮ್ಮ ನಮ್ಮ ಮಂಚದ ಕೆಳಗೆ ಬಗ್ಗಿ ನೋಡಿದೆವು. ನನ್ನ ಮಂಚದಡಿ ದುಬೈ ಇರಲಿಲ್ಲ, ಅವರ ಮಂಚದಡಿ ಸರ್ಕಾರ ಇರಲಿಲ್ಲ. ಎರಡೂ ಕಡೆ ಇದ್ದದ್ದು ಈರುಳ್ಳಿ ಮೂಟೆ.

ಒಂದು ವಿಷಯದಲ್ಲಿ ಮಾತ್ರ ತಕ್ಕಡಿ ಅವರ ಕಡೆಯಿಂದ ಅಲ್ಲಾಡಲೇ ಇಲ್ಲ. ಮಗಳಿಗೆ ಶಿವಮೊಗ್ಗದ ಹುಡುಗ ಗೊತ್ತಾದ, ಟ್ರ್ಯಾಕ್ಟರ್ ಶೋರೂಮಿನಲ್ಲಿ ಅಕೌಂಟ್ಸು ಬರೆಯುವವನು. ಇಬ್ಬರಿಗೂ ಒಂದು ಪುಟ್ಟ ಬಾಡಿಗೆ ಮನೆ ನೋಡಲು ನಾನೂ ಅಕ್ಕನೂ ಹೊರಟೆವು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ, ಕಂಡಕ್ಟರು ವಿಭೂತಿಗೂ ಬುರ್ಖಾಕ್ಕೂ ಒಂದೇ ಥರ ಗೊಣಗುತ್ತ ಟಿಕೆಟ್ ಹರಿದ. ಅಲ್‌ಹಮ್ದುಲಿಲ್ಲಾ, ಅಷ್ಟು ಸಮಾನತೆ ಬಂದಿದೆ. ರವೀಂದ್ರನಗರದಲ್ಲಿ ಒಂದು ಮನೆಯ ಗೇಟಿಗೆ 'ಮನೆ ಬಾಡಿಗೆಗಿದೆ' ಎಂಬ ಬೋರ್ಡು ತೂಗುತ್ತಿತ್ತು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಮುಂದೆ ಹೋಗಿದ್ದ ಅಕ್ಕನಿಗೆ ಕುರ್ಚಿಯೂ ಕಾಫಿಯೂ ಬಂದಿದ್ದವು.

"ಮನೆ ನಿಮ್ಮ ಮಗಳಿಗಾ?" ಎಂದು ಮನೆಯೊಡತಿ ಕೇಳಿದರು.

"ಇವಳ ಮಗಳಿಗೆ" ಎಂದು ಅಕ್ಕ ನನ್ನ ಕಡೆ ಕೈ ಮಾಡಿದರು.

ಆಕೆ ನನ್ನ ಬುರ್ಖಾವನ್ನು ಮೇಲಿಂದ ಕೆಳಗೆ ನೋಡಿ, "ಅಯ್ಯೋ, ನಿನ್ನೆ ತಾನೆ ಒಬ್ಬರಿಗೆ ಮಾತು ಕೊಟ್ಬಿಟ್ವಿ. ಅಲ್ದೆ ನಾವು ವೆಜ್‌ನವರಿಗೇ ಕೊಡೋದು" ಅಂದರು.

"ಹಂಗಾದ್ರೆ ನಂಗೆ ಕೊಡಿ. ನಾನು ಮೊಟ್ಟೇನೂ ಮುಟ್ಟಲ್ಲ" ಎಂದರು ಅಕ್ಕ.

"ಅದೇ, ಮಾತು ಕೊಟ್ಬಿಟ್ಟಿದೀವಲ್ಲ..."

"ಮಾತು ಕೊಟ್ಟಿದ್ದು ಆ ಬೋರ್ಡಿಗೆ ಇನ್ನೂ ಹೇಳಿಲ್ವೇನೋ!" ಎಂದು ಅಕ್ಕ ಕಾಫಿ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದರು. ಬಿಸಿ ಕಾಫಿಯನ್ನು ಬಿಟ್ಟು ಏಳುವವರಲ್ಲ ಅವರು.

ವಾಪಸು ಬಸ್ಸಿನಲ್ಲಿ ಆ ಹೆಂಗಸಿನ ವಂಶವನ್ನೆಲ್ಲ ಜಾಲಾಡಿದರು. ನನಗೆ ಅಳು ಬರುವುದರಲ್ಲಿತ್ತು, ಅದನ್ನು ತಡೆಯಲು ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ. "ಬಿಡಿ ಅಕ್ಕ. ಅವರು ನಮ್ಮನ್ನ ಮನೆಯೊಳಗೆ ಸೇರಿಸ್ಲಿಲ್ಲ, ನೀವು ನಮ್ಮ ಮನೆ ಅನ್ನವನ್ನ ಬಾಯೊಳಗೆ ಸೇರಿಸ್ಲಿಲ್ಲ."

ಅಕ್ಕ ಕಿಟಕಿಯಾಚೆ ನೋಡುತ್ತ ಕೂತರು. ಜನ್ನಾಪುರದ ಸ್ಟಾಪು ಬಂತು. ಇಳಿಯುವಾಗ ಸೆರಗು ಬಿಗಿದುಕೊಂಡು, "ಹುಡುಗಿ ಮದುವೇಲಿ ಊಟ ಮಾಡ್ತೀನಿ. ಎಲೆ ಹಾಕ್ಸು" ಅಂದರು.

ಆವತ್ತಿನಿಂದ ಮದುವೆಯಲ್ಲಿ ನನಗೆ ಬೇಕಾದದ್ದು ಅದೊಂದೇ. ಹುಡುಗನ ಕಡೆಯವರು ಮುನಿಸಿಕೊಂಡರೂ ಸರಿ, ಬಿರಿಯಾನಿ ತಳ ಹಿಡಿದರೂ ಸರಿ, ಅಕ್ಕ ಕೂತು ಉಣ್ಣಬೇಕು. ದಿನ ಗೊತ್ತುಮಾಡುವಾಗ ಭಾನುವಾರವನ್ನೇ ಹಟ ಹಿಡಿದು ಇಡಿಸಿದೆ.

ನಮ್ಮ ಮದುವೆಗಳಲ್ಲಿ ಒಂದು ಪದ್ಧತಿ ಇದೆ. ಹಿಂದೂ ಸ್ನೇಹಿತರಿಗೆಂದು ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಅಡುಗೆ ಭಟ್ಟರು. ಮದುವೆಗೆ ಹಿಡಿದಿದ್ದ ಶಿವಮೊಗ್ಗದ ಕಲ್ಯಾಣಮಂಟಪದಲ್ಲಿ ಕೆಳಗೆ ಬಿರಿಯಾನಿ, ಮೇಲಿನ ಹಾಲಿನಲ್ಲಿ ಬಾಳೆ ಎಲೆ ಊಟ. ಹೋಳಿಗೆ, ಕೋಸಂಬರಿ, ತಿಳಿಸಾರು, ಎಲ್ಲ ಅಕ್ಕನ ನಾಲಿಗೆ ನೆನೆದುಕೊಂಡು ನಾನೇ ಹೇಳಿದ್ದು. ಎಷ್ಟು ಎಲೆ ಎಂದು ಭಟ್ಟರು ಕೇಳಿದಾಗ ನಮ್ಮವರು ಬುದ್ಧಿ ಉಪಯೋಗಿಸಿದರು. ಮದುವೆ ಕಾರ್ಡು ಉರ್ದುವಿನಲ್ಲಿ ಒಂದು ಥರ, ಕನ್ನಡದಲ್ಲಿ ಒಂದು ಥರ ಮಾಡಿಸಿದ್ದೆವು. "ಕನ್ನಡ ಕಾರ್ಡು ಹೋದ ಮನೆಯವರಿಗೆ ಎಲೆ, ಉರ್ದು ಕಾರ್ಡಿನವರಿಗೆ ಬಿರಿಯಾನಿ. ಮುಗೀತು" ಅಂದರು. ಎಂಜಿನ್ ಬಿಚ್ಚಿ ಕಟ್ಟುವವರ ಲೆಕ್ಕ, ಯಾರು ಅನುಮಾನಿಸುತ್ತಾರೆ?

ಮದುವೆಯ ದಿನ ನಿಕಾಹ್ ಮುಗಿದು ಖರ್ಜೂರ ಹಂಚಿ ಆಯಿತು. ಅಕ್ಕನ ಯಜಮಾನರು ಬೆಳಿಗ್ಗೆಯೇ ನಮ್ಮವರ ಜೊತೆ ಬಂದಿದ್ದರು. ಅಕ್ಕನದು ಪೂಜೆ ಮುಗಿಯಬೇಕು, ಫ್ರೀ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗಬೇಕು. ಅವರು ಬರುವಾಗ ಊಟದ ಹೊತ್ತು ಇಳಿದಿತ್ತು. ಮಗಳು ಹೂವಿನ ಸೆಹರಾ ಸರಿಸಿ, "ದೊಡ್ಡಮ್ಮ, ಊಟ ಆಯ್ತಾ?" ಎಂದಳು. "ಇವತ್ತು ಉಪವಾಸ ಇಲ್ಲಮ್ಮ, ಹೊಟ್ಟೆ ಖಾಲಿ ಮಾಡ್ಕೊಂಡೇ ಬಂದಿದೀನಿ" ಎಂದರು ಅಕ್ಕ. ನಾನು ಅವರ ಕೈ ಹಿಡಿದು ಮೇಲೆ ಕರೆದುಕೊಂಡು ಹೋದೆ.

ಮೇಲಿನ ಹಾಲಿನಲ್ಲಿ ಕೊನೆಯ ಪಂಕ್ತಿ ಏಳುತ್ತಿತ್ತು. ಎದ್ದವರೆಲ್ಲ ಟೋಪಿಯವರು! ನಮ್ಮವರ ಚಾಚಾ, ಹುಡುಗನ ಅಜ್ಜಿ, ಹಳೇಪೇಟೆಯ ಶುಗರಿನ ಮಾಮಾಗಳು, ಬಿ.ಪಿ.ಯ ಮಾಮಿಗಳು. ಡಾಕ್ಟರು ಮಟನ್ ಮುಟ್ಟಬೇಡಿ ಎಂದವರು ಒಂದಿಷ್ಟು ಜನ, ಮದುವೆ ಸೀಸನ್ನಿನಲ್ಲಿ ಪ್ರತಿ ಭಾನುವಾರ ಬಿರಿಯಾನಿ ತಿಂದು ಬೇಜಾರಾದವರು ಇನ್ನೊಂದಿಷ್ಟು. ಚಾಚಾ ತೇಗುತ್ತ, "ಹೋಳಿಗೆ ಬಹುತ್ ಅಚ್ಛಾ ಥಾ ಬೇಟಿ, ನಾನು ನಾಲ್ಕು ಹಾಕಿಸ್ಕೊಂಡೆ" ಎಂದರು. ಶುಗರಿಗೆಂದು ಬಿರಿಯಾನಿ ಬಿಟ್ಟು ಮೇಲೆ ಬಂದ ಮನುಷ್ಯ!

ಭಟ್ಟರು ಪಾತ್ರೆ ಕಟ್ಟುತ್ತಿದ್ದರು. "ಅಮ್ಮಾ, ಸಾರಿನ ಹನಿ ಕೂಡ ಇಲ್ಲ. ನೀವು ಹೇಳಿದಷ್ಟಕ್ಕೆ ಮಾಡಿದ್ದೆ. ನಿಮ್ಮೋರೇ ಬಂದು ಕೂತ್ರು, ಏಳಿ ಅನ್ನೋಕಾಗತ್ತಾ?"

ನಮ್ಮವರನ್ನು ಕರೆಸಿದೆ. ಅವರು ತಲೆ ಕೆರೆದುಕೊಂಡು, "ಕ್ಯಾ ಕರ್ನಾ ಜೀ? ಕಾರ್ಡಿನ ಲೆಕ್ಕ ಸರಿಯಾಗೇ ಇತ್ತು" ಎಂದು ಕೆಳಗಿಳಿದು ಮಾಯವಾದರು.

"ಅಲ್ಲಾ, ಕನ್ನಡ ಕಾರ್ಡಿನ ನಮ್ಮೋರೆಲ್ಲ ಎಲ್ಲಿ ಸತ್ರು?" ಎಂದು ಅಕ್ಕ ಮೆಟ್ಟಿಲ ಬಳಿಯ ಕಂಬಿ ಹಿಡಿದು ಕೆಳಗೆ ಬಗ್ಗಿದರು. ನಾನೂ ಬಗ್ಗಿದೆ. ಕೆಳಗಿನ ಹಾಲಿನ ಮೂಲೆಯ ಟೇಬಲ್ಲಿನಲ್ಲಿ ಕಾರ್ಖಾನೆಯ ಹಳೆಯ ಗೆಳೆಯರೆಲ್ಲ ಒಟ್ಟಿಗೆ ಕೂತಿದ್ದರು. ನಡುವೆ ಅಕ್ಕನ ಯಜಮಾನರು, ಮಡಿಚಿದ ತೋಳು, ಕೈಯಲ್ಲಿ ಮೂಳೆ. ಅದನ್ನು ಚೀಪುವ ಶ್ರದ್ಧೆ ನೋಡಿದರೆ ಮೊದಲ ಸಲ ಅನ್ನುವಂತಿರಲಿಲ್ಲ.

ಯಾ ಅಲ್ಲಾ, ಈಗ ನೆಲ ಬಾಯಿ ಬಿಡಲಿ ಎಂದು ನಾನು ಬೇಡುತ್ತಿರುವಾಗ ಅಕ್ಕ ನೆಟ್ಟಗೆ ನಿಂತರು. "ಗೊತ್ತು ಬಿಡು ನಂಗೆ. ಗ್ಯಾರೇಜಿಗೆ ಹೋಗ್ಬರ್ತೀನಿ ಅಂತ ಹೋಗ್ತಾರೆ, ಬಾಯ್ತುಂಬ ಬೀಡಾ ಹಾಕ್ಕೊಂಡು ಬರ್ತಾರೆ. ಬೈಕೇ ಇಲ್ದೋರಿಗೆ ಗ್ಯಾರೇಜಲ್ಲಿ ಏನು ಕೆಲ್ಸ? ಇಷ್ಟು ವರ್ಷ ನಿಮ್ಮನೆ ಬುತ್ತಿ ಅವರು ಉಂಡ್ರು, ಸೋಮವಾರ ಮಾತ್ರ ನಂಗೊಬ್ಳಿಗೆ!"

"ಹೋಟೆಲಿಂದ ತರಿಸ್ತೀನಿ ಅಕ್ಕ, ಹತ್ತೇ ನಿಮಿಷ."

"ಹೋಟೆಲ್ ಊಟಕ್ಕೆ ಜನ್ನಾಪುರದಿಂದ ರೇಷ್ಮೆ ಸೀರೆ ಉಟ್ಕೊಂಡು ಬರ್ಬೇಕಿತ್ತಾ?"

ಭಟ್ಟರು ಕಟ್ಟಿದ ಚೀಲವೊಂದನ್ನು ಬಿಚ್ಚಿ ತಡಕಿದರು. ಒಂದಿಷ್ಟು ರವೆ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಎಣ್ಣೆ, ಒಗ್ಗರಣೆ ಡಬ್ಬಿ ಸಿಕ್ಕವು. "ಸಂಜೆ ಬೇರೆ ಕಡೆ ಮದುವೆ ಇದೆ, ಮೊದಲನೇ ಗಾಡಿಗೆ ನಾನು ಹೋಗ್ಲೇಬೇಕು. ಈ ಬಾಣಲೆ ಎರಡನೇ ಗಾಡಿಗೆ ಬರಲಿ, ಅಷ್ಟರಲ್ಲಿ ಉಪ್ಪಿಟ್ಟು ಮಾಡ್ಕೊಳಿ" ಎಂದು ಪುಣ್ಯಾತ್ಮ ಒಲೆಯನ್ನೂ ಬಿಟ್ಟುಹೋದರು.

ಅಕ್ಕ ಸೆರಗು ಸಿಕ್ಕಿಸಿ ಒಲೆಯತ್ತ ಹೊರಟರು. ನಮ್ಮ ಹಬ್ಬದ ಶಾವಿಗೆಯ ಹಾಗೆಯೇ ಇದೂ ಆಗುತ್ತದೆ, ಸಾಮಾನು ನಮ್ಮದು ಕೈ ಅವರದು ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಬಳೆಗಳ ಸದ್ದಾಯಿತು. ಸುದ್ದಿ ಕೇಳಿ ಮಗಳು, ಮದುಮಗಳು, ಲೆಹೆಂಗಾ ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು.

"ದೊಡ್ಡಮ್ಮ, ನೀವು ಕೂತ್ಕೊಳಿ. ಅಮ್ಮಿ ಮಾಡ್ತಾಳೆ."

ಅಕ್ಕ ನನ್ನ ಮುಖ ನೋಡಿದರು, ಒಲೆ ನೋಡಿದರು, ಕಂಬಿಯ ಕಡೆ ಒಮ್ಮೆ ನೋಡಿದರು. ಸಿಕ್ಕಿಸಿದ ಸೆರಗನ್ನು ಬಿಡಿಸಿಕೊಂಡು ಬೆಂಚಿನ ಮೇಲೆ ಕೂತು, "ಈರುಳ್ಳಿ ಸಣ್ಣಗೆ ಹೆಚ್ಚು. ರವೆ ಹಸಿ ಬಿಡ್ಬೇಡ" ಅಂದರು.

ಜರಿಯ ಸೀರೆಯಲ್ಲಿ ಹೆಣ್ಣಿನ ತಾಯಿ ಉಪ್ಪಿಟ್ಟು ಕೆದಕುವುದನ್ನು ನೋಡಲು ಹುಡುಗನ ಕಡೆಯ ಹೆಂಗಸರೆಲ್ಲ ಬಾಗಿಲಲ್ಲಿ ನೆರೆದರು. "ಬೀಗಿತ್ತಿಗೆ ತಲೆ ಕೆಟ್ಟಿತಾ?" ಎಂದು ಯಾರೋ ದಖ್ನಿ ಉರ್ದುವಿನಲ್ಲಿ ಪಿಸುಗುಟ್ಟಿದರು. ನಾನು ಒಗ್ಗರಣೆಗೆ ಸಾಸಿವೆ ಸಿಡಿಸಿ, ಈರುಳ್ಳಿ ಹುರಿದು, ರವೆ ಹಾಕಿ ಮಗುಚಿದೆ. ಮಗಳು ಎಲೆ ತೊಳೆದು ಹಾಸಿದಳು. ಬಡಿಸಿದೆ. ಅಕ್ಕ ಕಣ್ಣು ಮುಚ್ಚಿ ಶಿವನಿಗೆ ಏನೋ ಹೇಳಿಕೊಂಡರು, ಬಹುಶಃ ದೂರು. ತುತ್ತು ಬಾಯಿಗಿಟ್ಟರು. ನಾನು ಸೌಟು ಹಿಡಿದೇ ನಿಂತಿದ್ದೆ.

"ಉಪ್ಪು ಕಮ್ಮಿ" ಎಂದರು.

ಆದರೂ ಎಲೆ ಖಾಲಿಯಾಗುತ್ತಿತ್ತು. ಒಗ್ಗರಣೆಯ ವಾಸನೆಗೆ ಚಾಚಾ ಮತ್ತೆ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ಇಣುಕಿದರು. ಅಕ್ಕ ಎಡಗೈಯಿಂದ ಬಾಣಲೆಯನ್ನು ತಮ್ಮ ಕಡೆಗೆ ಎಳೆದುಕೊಂಡು, "ಸಾಹೇಬ್ರೇ, ಇದು ಕನ್ನಡ ಕಾರ್ಡಿಂದು. ಕೆಳಗೆ ಹೋಗಿ ನಮ್ಮೆಜಮಾನ್ರ ಪಕ್ಕ ಕೂತ್ಕೊಳಿ" ಅಂದರು. ಅಕ್ಕ ಎರಡನೇ ಸಲ ಬಡಿಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಎಲ್ಲರಿಗಿಂತ ಜೋರಾಗಿ ಅತ್ತವರೂ ಅವರೇ, ಹೊಟ್ಟೆ ತುಂಬಿತ್ತಲ್ಲ.

ಮಾರನೆಯ ದಿನ ಜನ್ನಾಪುರದ ಮನೆ ಭಣಗುಡುತ್ತಿತ್ತು. ಮಗಳಿಲ್ಲದ ಅಡುಗೆಮನೆಯಲ್ಲಿ ನಿಲ್ಲಲಾಗದೆ ಒಂದು ಹೊಸ ಪಾತ್ರೆಯಲ್ಲಿ, ಮಾಂಸ ಸೋಕದ್ದರಲ್ಲಿ, ಕೇಸರಿಬಾತ್ ಮಾಡಿದೆ. ಬಟ್ಟಲಿಗೆ ಹಾಕಿ ಗೋಡೆಯ ಮೇಲಿಂದ ಚಾಚಿದೆ. ಒಮ್ಮೆ ಉಂಡವರು ಇನ್ನು ಯಾವಾಗಲೂ ಉಣ್ಣುತ್ತಾರೆ ಎಂಬ ಆಸೆ ನನಗೆ.

ಅಕ್ಕ ಬಟ್ಟೆ ಒಣಹಾಕುತ್ತಿದ್ದವರು ಬಟ್ಟಲನ್ನು ನೋಡಿ, "ಇವತ್ತು ಬೇಡ ಕಣೇ, ಸೋಮವಾರ" ಅಂದರು.

ಒಳಗೆ ಬಂದು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅಲ್‌ಹಮ್ದುಲಿಲ್ಲಾ. ನಿಜವಾಗಿಯೂ ಸೋಮವಾರವೇ ಆಗಿತ್ತು. ಬಟ್ಟಲಿಗೆ ಮುಚ್ಚಳ ಮುಚ್ಚುತ್ತಿದ್ದೆ, ಆಚೆಯಿಂದ ಕೂಗು ಬಂತು: "ಹೊತ್ತು ಮುಳುಗಿದ ಮೇಲೆ ತಗೊಂಬಾ. ಯಜಮಾನ್ರಿಗೆ ತೋರಿಸ್ಬೇಡ."