ಕಾಲುವೆಯಲ್ಲಿ ಬೆಳೆದ ಪೆನ್ನು

ಹಾಜರಿಗೆ ಸಹಿ ಮಾಡಲೆಂದು ನಾನು ಕೊಟ್ಟ ಕಟ್ಟಿಗೆಯ ಪೆನ್ನನ್ನು ನೀರಾವರಿ ಎಂಜಿನಿಯರ್ ಸಾಹೇಬರು ಮರಳಿ ಕೊಡಲೊಲ್ಲರು. ತೊಟ್ಟಿಲ ಕಾಲಿನಂತೆ ಉಂಗುರ ಉಂಗುರವಾಗಿ ಕಡೆದ ಅದನ್ನು ಹೊರಳಿಸಿದರು, ಮೂಸಿದರು. ನಮ್ಮೂರ ಹೊಲಗಳಿಗೆ ನೀರು ಮುಟ್ಟುತ್ತಿಲ್ಲವೆಂಬ ದೂರಿನ ಸಭೆಯದು. "ಕಾಲುವಿ ಸ್ವಚ್ಛ ಐತಿ, ಕಟ್ಟಕಡೀ ಹೊಲಕ್ಕೂ ನೀರು ಹೊಂಟೈತಿ" ಎಂದು ಅವರು ಆಗಷ್ಟೇ ಘೋಷಿಸಿದ್ದರು.

"ಬೀಟಿ ಕಟ್ಟಿಗಿ ಏನ್ರಿ ಮೇಡಂ?"

"ಜಾಲಿ ರಿ ಸಾಹೇಬ್ರ. ಶಹಾಪುರದಾಗ ಲೇತಿನ ಮ್ಯಾಲ ತೊಟ್ಟಿಲ ಕಾಲು ಕಡೆಯೋ ಹುಸೇನಪ್ಪ ಕಾಕಾ ಮಾಡಿಕೊಟ್ಟಾರ. ಮರ ಮಾತ್ರ ನಿಮ್ಮ ಕಾಲುವಿದು."

"ದಂಡಿಮ್ಯಾಲಿಂದೇನು?"

"ನಟ್ಟನಡುವಿಂದ್ರಿ."

ಹಿಂದೆ ಕುಳಿತಿದ್ದ ಕುರಿ ಕಾಯುವ ದ್ಯಾವಮ್ಮ ಎದ್ದು ಸಾಕ್ಷಿ ನುಡಿದಳು: "ಖರೇನ ಐತ್ರಿ ಯಪ್ಪಾ. ಅದರ ನೆಳ್ಳಾಗ ನನ್ನ ಕುರಿ ಮಲಗತಿದ್ವು. ಈ ಹುಡುಗಿ ಪೆನ್ನಿಗಂತ ಟೊಂಗಿ ಕಡಿಸಿ ನೆಳ್ಳು ಕಳದಾಳ. ಆಕಿಗೂ ಒಂದೀಟು ಬುದ್ಧಿ ಹೇಳ್ರಿ."

ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಸಾಹೇಬರು ಸುಟ್ಟುಕೊಂಡವರಂತೆ ಪೆನ್ನನ್ನು ಮೇಜಿನ ಮೇಲಿಟ್ಟು, ಜಾಲಿ ತೆಗೆಸುವುದಾಗಿ ಎಲ್ಲರೆದುರು ಒಪ್ಪಿಕೊಂಡರು.

ಜಾಲಿ ತೆರವಾಯಿತು, ನಮ್ಮ ಹತ್ತಿಗೆ ನೀರೂ ಬಂತು. ಆದರೆ ಆ ಮರ ಪೆನ್ನಿಗಾಗುವಷ್ಟು ಬಲಿಯುವವರೆಗೆ ವರ್ಷವರ್ಷವೂ ಕಾಲುವೆ ಸ್ವಚ್ಛವಿದೆಯೆಂದು ಬರೆದುಕೊಟ್ಟವರು ಯಾರು? ಕೇಳಲು ಹೋದಾಗಲೆಲ್ಲ ಕಚೇರಿಯವರು ಚಹಾ ತರಿಸುತ್ತಾರೆಯೇ ಹೊರತು ಹೆಸರು ಹೇಳುವುದಿಲ್ಲ. ಚಹಾ ಚೆನ್ನಾಗಿಯೇ ಇರುತ್ತದೆ. ನಾನು ಹೋಗುವುದನ್ನೂ ಬಿಟ್ಟಿಲ್ಲ.