ಮೀಸೆ ಇದ್ದ ಮದುವೆಗಂಡು

ನನ್ನ ಮೀಸೆ ಹೊಸೂರಿಂದ ಕೃಷ್ಣಗಿರಿವರ್ಗೂ ಹೆಸರುವಾಸಿ. ಅನುಮಾನ ಇದ್ರೆ ಯಾರನ್ನಾದ್ರೂ ಕೇಳಿ, ನನ್ನ ಹೆಂಡ್ತಿ ಗೌರೀನ ಮಾತ್ರ ಕೇಳ್ಬೇಡಿ. ಇವತ್ತು ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಅದರ ತುದಿ ಹುರಿ ಮಾಡ್ತಿದ್ರೆ ಒಳಗಿಂದ ಕಿಸಕ್ಕಂದ್ಲು. ಆ ನಗೂಗೆ ಒಂದು ಇತಿಹಾಸ ಐತೆ, ಕೂತ್ಕೊಳಿ.

ಆಗಿನ್ನೂ ಬಿಳೀ ದೊರೆಗಳ ಕಾಲ. ಸೇಲಂ ಕಡೆಯಿಂದ ಬಂದ ಮೀನಿನ ಇಲಾಖೆಯವರೊಬ್ಬರು, ನಮ್ಮ ತೋಟದ ಹೊಂಡದಾಗೆ ಮೀನು ಸಾಕಿ, ಗಂಡು ಹೆಣ್ಣು ನೋಡಿ ಬಿಡಿ ಅಂದ್ರು. "ಅದೇನ್ ಮಹಾ ವಿದ್ಯೆ ಸ್ವಾಮಿ, ನಂಗೆ ಬಿಡಿ" ಅಂದ್ಬುಟ್ಟೆ. ಕೆರೆಗೆ ಬಲೆ ಹಾಕ್ಸಿ, ಬಾಯಿ ಪಕ್ಕ ಮೀಸೆ ಇದ್ದ ದಪ್ಪ ಗೆಂಡೆ ಮೀನೊಂದನ್ನ ಮದುವೆಗಂಡು ಅಂತ ಆರಿಸ್ದೆ; ನುಣ್ಣನೆ ಮುಖದ ಕಟ್ಲಾ ಮೀನುಗಳೆಲ್ಲ ಹೆಣ್ಣು. ಎರಡರ ಕುಲವೂ ಒಂದೇ, ಮೀಸೆಯೊಂದೇ ವ್ಯತ್ಯಾಸ ಅನ್ನೋದು ನನ್ನ ಘನ ಸಂಶೋಧನೆ.

ಎಲ್ಲಾನೂ ಹೊಂಡಕ್ಕೆ ಬಿಟ್ಟು ತಿಂಗಳುಗಟ್ಲೆ ಕಾದ್ರೂ ಒಂದು ಮರೀನೂ ಕಾಣ್ಲಿಲ್ಲ. ನಮ್ಮವ್ವ ದಡದಾಗೆ ನಿಂತು ಆ ಕಟ್ಲಾಗಳನ್ನ ಬಂಜೆಗಳು ಅಂತ ಬೈದ್ಲು. ಬೈಗುಳ ಹಂಗೇ ಅಡುಗೆಮನೆಗೂ ಬಂತು. ಗೌರಿ ಮೂರೂ ಹೆಣ್ಣೇ ಹೆತ್ತಿದ್ಲಲ್ಲ! "ಹೊಂಡಕ್ಕೂ ಬೇರೆ ಹೆಣ್ಣು ತರ್ಬೇಕು, ಮನೆಗೂ ತರ್ಬೇಕು ಕಣ್ಲಾ" ಅಂತ ಅವ್ವ ಪಕ್ಕದೂರು ಜೂಜುವಾಡಿಯಾಗೆ ಹುಡುಗೀನೂ ನೋಡಿಟ್ಲು. ಊರನ್ನೆಲ್ಲ ಆಟ ಆಡ್ಸೋ ನಾನು ಅವ್ವನೆದುರು ಬಾಯಿಲ್ಲದ ಬಸವ. ಗೌರಿ ನಗೋದನ್ನೇ ಬಿಟ್ಟಿದ್ಲು.

ಇಲಾಖೆಯವರು ಮತ್ತೆ ಬಂದಾಗ ಅವ್ವ, ಗೌರಿ ಇಬ್ರೂ ದಡದಾಗಿದ್ರು; ನನ್ನ ಮದುವೆಗಂಡನ್ನ ಬಲೇಲಿ ಮೇಲೆತ್ತಿ ಅವರ ಕೈಗೆ ಕೊಟ್ಟೆ. ಅವರು ಅದರ ಉಬ್ಬಿದ ಹೊಟ್ಟೆ ಮೆಲ್ಲಗೆ ಸವರಿದ್ದೇ ತಡ, ಸಾಸಿವೆಯಂಥ ಮೊಟ್ಟೆಗಳು ಬುಳುಬುಳು ಅಂತ ಬಂದ್ವು.

"ಇದು ಹೆಣ್ಣು ಕಣ್ರೀ! ಗೆಂಡೇಲಿ ಹೆಣ್ಣಿಗೂ ಮೀಸೆ ಇರ್ತದೆ. ಕಟ್ಲಾ ಕುಲಾನೇ ಬೇರೆ, ನಿಂತ ನೀರಲ್ಲಿ ಅವು ಮೊಟ್ಟೆ ಇಡಲ್ಲ."

"ಹಂಗಾದ್ರೆ ಹೆಣ್ಣಿನ ತಪ್ಪೇನೂ ಇಲ್ವಾ ಸ್ವಾಮಿ?" ಅಂದ್ಲು ಅವ್ವ.

"ಏನ್ ತಪ್ಪಮ್ಮಾ? ಮನುಷ್ಯರಲ್ಲೂ ಅಷ್ಟೆ, ಮಗು ಗಂಡೋ ಹೆಣ್ಣೋ ಅನ್ನೋದು ಅಪ್ಪನ ಬೀಜದಿಂದ ತೀರ್ಮಾನ ಆಗೋದು."

ಅವ್ವ ಮೀನಿನ ಮೀಸೆ ನೋಡಿದ್ಲು, ನನ್ನ ಮೀಸೆ ನೋಡಿದ್ಲು. "ಹಂಗಾದ್ರೆ ಬದಲಾಯಿಸ್ಬೇಕಾಗಿರೋದು ಇವನನ್ನೇ ಅಲ್ವೇನೇ ಗೌರಿ?"

ಎಷ್ಟೋ ದಿನದ ಮೇಲೆ ಗೌರಿ ಕಿಸಕ್ಕಂದ್ಲು. ಜೂಜುವಾಡಿ ಮಾತು ಮತ್ತೆ ಏಳ್ಲಿಲ್ಲ.

ಇವತ್ತಿನ ನಗೂನೂ ಅದೇ. ಆ ಗೆಂಡೆಗೆ, ಆ ಇಲಾಖೆಯವರಿಗೆ, ಬದಲಾಯಿಸದೆ ನನ್ನನ್ನೇ ಇಟ್ಕೊಂಡ ಗೌರಿಗೆ, ಮನೆ ತುಂಬಿದ ಮೂರು ಹೆಣ್ಣುಮಕ್ಕಳಿಗೆ ದಿನಾ ಕನ್ನಡಿ ಮುಂದೆ ಮನಸ್ಸಲ್ಲೇ ಕೈ ಮುಗೀತೀನಿ. ಮನಸ್ಸಲ್ಲೇ ಯಾಕೆ ಅಂದ್ರೆ, ಕೈಯೆರಡೂ ಮೀಸೆ ಮೇಲಿರ್ತವೆ ನೋಡಿ.